ಕಚೋರದ ಮಗಳು

ನಮ್ಮಮ್ಮನಿಗೆ ನಾನು ಬೆಳಗ್ಗೆ ಮಗಳು, ಸಂಜೆ ಮೇಲಿನ ಮನೆಯ ಬಾಡಿಗೆಯವಳು. ಬೆಳಗ್ಗೆ ನನ್ನ ಕೈಲೇ ತಲೆ ಬಾಚಿಸಿಕೊಂಡು, ಕಾಫಿಗೆ ಸಕ್ಕರೆ ಸಾಲದು ಎಂದು ನನ್ನನ್ನೇ ಬೈದು, ಮಧ್ಯಾಹ್ನ ನನ್ನ ಪಕ್ಕದಲ್ಲೇ ಮಲಗಿ ಎದ್ದವಳು, ದೀಪ ಹಚ್ಚುವ ಹೊತ್ತಿಗೆ ಜಗಲಿಗೆ ಹೋಗಿ ಗೇಟಿನ ಕಡೆ ಮುಖ ಮಾಡಿ ಕೂರುತ್ತಾಳೆ. ಕಣ್ಣು ಮಂಜು, ಕಿವಿ ಅಷ್ಟಕ್ಕಷ್ಟೆ.

"ಒತ್ತಾಯ್ತು. ನನ್ ಮಗ್ಳು ಇನ್ನೂ ಬಂದಿಲ್ಲ."

"ಅಮ್ಮ, ನಾನಿಲ್ಲೇ ಇದೀನಿ ಕಣಮ್ಮ!"

"ನೀವಿದೀರ ಬಿಡಿ ಅಕ್ಕ. ಅವ್ಳು ಬರ್ದೆ ನಾನ್ ಎಂಗ್ ಉಣ್ಣಾದು?"

ಉಣ್ಣುವುದೂ ಇಲ್ಲ. ತಟ್ಟೆ ತಂದಿಟ್ಟರೆ ಬಾಡಿಗೆಯವರ ಅನ್ನ ನನಗ್ಯಾಕೆ ಎಂದು ಹಿಂದಕ್ಕೆ ತಳ್ಳುತ್ತಾಳೆ. ರವಿಕೆಗಳೆಲ್ಲ ಸಡಿಲವಾಗುತ್ತಾ ಬಂದವು. ಡಾಕ್ಟರು ವಯಸ್ಸಾಯಿತಲ್ಲ ಅಂದರು, ಅದು ನಮಗೂ ಗೊತ್ತಿತ್ತು. ನನಗೆ ಮೊದಲು ಕೋಪ ಬಂತು, ಆಮೇಲೆ ಹೆದರಿಕೆಯಾಯಿತು. ಆರು ಗಂಟೆಗೆ ಸರಿಯಾಗಿ ನಾನು ಯಾಕೆ ಬೇರೆಯವಳಾಗಿಬಿಡುತ್ತೇನೆ ಎನ್ನುವುದು ಮಾತ್ರ ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ.

ಒಂದು ಸಂಜೆ ರೇಗಿ ಕೇಳಿಯೇಬಿಟ್ಟೆ: "ನಿಮ್ ಮಗ್ಳು ಬಂದ್ರೆ ನಿಮ್ಗೆ ಎಂಗ್ ಗೊತ್ತಾಗತ್ತೆ? ಕಣ್ಣೂ ಕಾಣಲ್ಲ."

"ಅಯ್ಯೋ, ಗೇಟ್ ತೆಗೆಯಾಕ್ ಮುಂಚೇನೇ ವಾಸ್ನೆ ಬತ್ತದೆ. ಕಚೋರದ ವಾಸ್ನೆ."

ನಾನು ಬಹಳ ವರ್ಷ ದುಡಿದದ್ದು ಇಲ್ಲೇ ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಸ್ನಾನದ ಪುಡಿ ಮತ್ತು ಧೂಪ ಮಾಡುವ ಒಂದು ಸಣ್ಣ ಘಟಕದಲ್ಲಿ. ಕಚೋರ ಅಂದರೆ ಶುಂಠಿಯ ಬಳಗದ ಗಡ್ಡೆ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಒಣಗಿಸಿರುತ್ತಾರೆ, ಒಳಗೆ ಬೆಳ್ಳಗೆ, ಅಂಚಿಗೆ ಕಂದು ಸಿಪ್ಪೆ. ಕೆಮ್ಮಿಗೂ ಆಗುತ್ತದೆ, ರೇಷ್ಮೆ ಸೀರೆಯ ಪೆಟ್ಟಿಗೆಗೂ ಆಗುತ್ತದೆ, ಪರಿಮಳಕ್ಕಂತೂ ಬೇಕೇ ಬೇಕು. ಮಿಲ್ಲಿಂದ ಬಿಸಿಯಾಗಿ ಬಿದ್ದ ಅದರ ಪುಡಿಯನ್ನು ಜರಡಿ ಹಿಡಿಯುವುದು ನನ್ನ ಕೆಲಸ. ಕೂದಲು, ಹುಬ್ಬು, ಸೆರಗು ಎಲ್ಲ ಕಚೋರ. ಬಸ್ಸಲ್ಲಿ ಪಕ್ಕ ಕೂತವರು ಯಾವ ಸೋಪು ಅಕ್ಕ ಎಂದು ಕೇಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬರುವುದು ಯಾವತ್ತೋ ನಿಂತುಹೋಗಿತ್ತು. ಮೂಗಿಗೆ ಅಭ್ಯಾಸವಾದರೆ ಹಾಗೇ. ನನ್ನ ಮೈಮೇಲೆ ಒಂದು ವಾಸನೆ ಇದೆ ಎನ್ನುವುದನ್ನೇ ಮರೆತಿದ್ದೆ. ಹೋದ ವರ್ಷ ಘಟಕವನ್ನು ಆನೇಕಲ್ ಆಚೆಗೆ ಒಯ್ದರು. ಅಷ್ಟು ದೂರ ಯಾರು ಹೋಗುತ್ತಾರೆ, ಬಿಟ್ಟೆ. ಅದರೊಂದಿಗೆ ಸಂಜೆ ಮನೆಗೆ ಬರುವುದೂ ನಿಂತಿತು. ಮನೆಯಲ್ಲೇ ಇರುವವಳು ಬರುವುದಾದರೂ ಎಲ್ಲಿಂದ?

ಮಾರನೆಯ ದಿನ ಗ್ರಂಧಿಗೆ ಅಂಗಡಿಯಿಂದ ಒಂದು ಹಿಡಿ ಕಚೋರ ತಂದೆ. ಗಂಧದ ಕಲ್ಲಿನ ಮೇಲೆ ನೀರು ಹಾಕಿ ತೇದು ಕೈಗೆ, ಕತ್ತಿಗೆ ಚೆನ್ನಾಗಿ ಬಳಿದುಕೊಂಡೆ. ಸಂಜೆ ಹಿಂದಿನ ಬಾಗಿಲಿಂದ ಹೋಗಿ, ಗೇಟು ತೆಗೆದುಕೊಂಡು ಮುಂದಿನಿಂದ ಬಂದೆ. ಬೀದಿಯವರು ನೋಡಿದ್ದರೆ ನನಗೇ ಬುದ್ಧಿ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ಅಮ್ಮ ಮೂಗು ಎತ್ತಿದಳು.

"ಯಾವಾಗ ಎರಿಗೆ ಆಯ್ತಮ್ಮ?" ಅಂದಳು. "ಕೂಸೆಲ್ಲಿ?"

ಬೇರೆ ಯಾರಾದರೂ ಬಂದರೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ.

"ತಣ್ಣೀರ್ ಮುಟ್ಬೇಡ. ಗಾಳೀಲ್ ಬೇರೆ ನಿಂತಿದೀಯ. ಕಿವಿಗ್ ಬಟ್ಟೆ ಕಟ್ಕೋ ಮೊದ್ಲು."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಎರೆಯುವಾಗ ಕಡಲೆಹಿಟ್ಟಿಗೆ ಕಚೋರ ಕಲಸುತ್ತಾರೆ. ಒದ್ದೆ ಕಚೋರ ಅಂದರೆ ಬಚ್ಚಲುಮನೆ, ಹಂಡೆಯ ಬಿಸಿನೀರು, ಹಸಿ ಮೈ. ಅಮ್ಮನ ಮೂಗು ಏನೂ ತಪ್ಪು ಮಾಡಿರಲಿಲ್ಲ. ತಲೆ ನೆರೆತ ನಾನು ಕಿವಿಗೆ ಟವೆಲ್ ಕಟ್ಟಿಕೊಂಡು ಅವಳ ಪಕ್ಕ ಬಾಣಂತಿಯಾಗಿ ಕೂತೆ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಕೆಲಸದಿಂದ ಬಂದ ಮಗ ನೋಡಿ, "ಯಾಕಮ್ಮ, ನೆಗಡಿನಾ?" ಅಂದ. ಅಮ್ಮ ಆ ದಿನವೂ ಉಣ್ಣಲಿಲ್ಲ.

ದಾರಿ ತೋರಿಸಿದವಳು ಸೊಸೆ. ಅವಳದು ವೈಟ್‌ಫೀಲ್ಡ್ ಕಂಪನಿ, ಮನೆಯಿಂದಲೇ ಕೆಲಸ, ಕಿವಿಗೆ ಸದಾ ಇಯರ್‌ಫೋನ್. "ಅತ್ತೆ, ನಿಮ್ ಮೇಲೆ ಇರ್ತಿದ್ದಿದ್ದು ಒಣಗಿದ ಪುಡಿ ಅಲ್ವಾ? ತೇದಿದ್ದಲ್ವಲ್ಲ," ಅಂದಳು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ನಾಳೆ ಸಂಜೆ ಪುಡಿ ಮಾಡಿಕೊಡ್ತೀನಿ, ನೀವು ತಲೆಗೆ ಉದುರಿಸಿಕೊಂಡು ಗೇಟಿಂದ ಬನ್ನಿ ಎಂದೂ ಹೇಳಿದಳು.

ಮರುದಿನ ನಾನು ಅಮ್ಮನ ಹತ್ತಿರ ಜಗಲಿಯಲ್ಲಿ ಕಾಯುತ್ತಾ ಕೂತಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ಕಿರುಚಿತು, ಹಿಂದೆಯೇ ಸೊಸೆಯೂ ಕಿರುಚಿದಳು. ಮುಚ್ಚಳ ಹಾರಿತ್ತು. ಕೂದಲು, ಹುಬ್ಬು, ಟೀ ಶರ್ಟಿನ ತುಂಬ ಪುಡಿ ಮೆತ್ತಿಕೊಂಡು, ಸೀನುತ್ತಾ, "ಅತ್ತೆ, ನೋಡಿ ಏನಾಯ್ತು!" ಎಂದು ಜಗಲಿಗೇ ಬಂದಳು.

ಅಮ್ಮ ತಟ್ಟನೆ ತಿರುಗಿ ಅವಳ ಕೈ ಹಿಡಿದುಕೊಂಡಳು.

"ಬಂದ್ಯಾ? ಯಾಕವ್ವ ಇಷ್ಟೊತ್ತು? ನನ್ ಜೀವ ಓಯ್ತು."

ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ನಾನಲ್ಲಜ್ಜಿ," ಎಂದು ಬಾಯಿ ತೆರೆದವಳಿಗೆ ಬೇಡ ಎಂದು ತಲೆಯಾಡಿಸಿದೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಸರಿಯಾಗಿ ಗೊತ್ತಿಲ್ಲ. ಅಮ್ಮ ಅವಳ ಕೆನ್ನೆ ಸವರುತ್ತಿದ್ದಳು. ಹೊಟ್ಟೆಕಿಚ್ಚಾಯಿತು ಅಂದರೆ ನಾಚಿಕೆ, ಆಗಲಿಲ್ಲ ಅಂದರೆ ಸುಳ್ಳು.

"ಬಂದೆ ಕಣಮ್ಮ," ಅಂದಳು ಸೊಸೆ, ಸಣ್ಣ ದನಿಯಲ್ಲಿ.

"ಅಸಿವಾಯ್ತದೆ. ಮುದ್ದೆ ಇಕ್ಕು."

ಇಷ್ಟು ತಿಂಗಳಲ್ಲಿ ಸಂಜೆಯ ಹೊತ್ತು ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನಾನು ಎದ್ದೆ. ಒಳಗೆ ಹೋಗಬೇಕೋ, ಗೇಟು ದಾಟಿ ಮೇಲಿನ ಮನೆಯ ಮೆಟ್ಟಿಲು ಹತ್ತಬೇಕೋ ತಿಳಿಯದೆ ಚಪ್ಪಲಿ ಮೆಟ್ಟಿ ನಿಂತೆ. ಮೇಲಿನ ಮನೆಯಲ್ಲಿ ನಿಜವಾಗಿಯೂ ಬಾಡಿಗೆಯವರಿದ್ದಾರೆ. ಅಲ್ಲಿಗೆ ಹೋಗಿ ಏನು ಹೇಳಲಿ?

ಅಮ್ಮ ನನ್ನ ಕಡೆ ತಿರುಗಿದಳು. "ಅಕ್ಕ, ಇಷ್ಟ್ ದಿನ ಪಾಪ ನೀವೇ ಜೊತೇಲಿ ಕೂತಿದ್ರಿ. ಅಂಗೇ ಓಗ್ಬೇಡಿ. ಉಂಡ್ಕಂಡ್ ಓಗಿ."

ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಅವಳ ಎದುರು ಕೂತೆ. ಸೊಸೆ ಮುದ್ದೆ ತಂದು ಅಮ್ಮನ ತಟ್ಟೆಗೆ ಹಾಕಲು ಬಗ್ಗಿದಳು. ಅಮ್ಮ ಕೈ ಅಡ್ಡ ಹಿಡಿದಳು.

"ನಂಗಲ್ಲ ಕಣೇ. ಬಂದೋರಿಗ್ ಮೊದ್ಲು ಇಕ್ಕು," ಅಂದಳು.