ಮೇಷ್ಟ್ರು ಕೈ ಇಳಿಸುವವರೆಗೆ

ನಮ್ಮ ಡ್ರಾಮಾ ಮೇಷ್ಟ್ರ ಪಾದಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಎರಡೇ ಸಲ. ಆಯುಷ್ಯವೆಲ್ಲ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸಿದವರು ಅವರು. ಬಸ್ಸಿನಲ್ಲಿ ಕೂತರೂ, ಜಗಲಿ ಮೇಲೆ ಮುದ್ದೆ ಉಣ್ಣುತ್ತಿದ್ದರೂ, ಹಲ್ಲು ಕೀಳಿಸಿಕೊಳ್ಳಲು ಡಾಕ್ಟರ ಮುಂದೆ ಬಾಯಿ ತೆರೆದು ಒರಗಿದ್ದರೂ, ಆ ಒಡೆದ ಹಿಮ್ಮಡಿಯ ಪಾದಗಳು ಒಂದಾದ ಮೇಲೊಂದು, ಇಲ್ಲದ ಪೆಡಲನ್ನು ತುಳಿಯುತ್ತಲೇ ಇರುತ್ತಿದ್ದವು.

ರಾಜಘಟ್ಟದ ಹತ್ತಿರದ ನಮ್ಮೂರಿಗೆ ಪೌರಾಣಿಕ ನಾಟಕ ಕಲಿಸಲು ಅವರು ದೊಡ್ಡಬೆಳವಂಗಲದ ಕಡೆಯಿಂದ ಬರುತ್ತಿದ್ದರು. ನಟರೆಂದರೆ ಇನ್ಯಾರು, ನಾವೇ. ರಾಗಿ ಬೆಳೆಯುವವರು, ಸೀರೆ ಮಗ್ಗದವರು, ಡೇರಿಯಲ್ಲಿ ಹಾಲು ಅಳೆಯುವ ನಾನು. ನನ್ನದು ದೊಡ್ಡ ಗಂಟಲು, ಹಾಗಾಗಿ ರಾಜನ ಪಾತ್ರ. ನಟನೆ ಗಿಟನೆ ನನ್ನ ಹತ್ತಿರ ಸುಳಿಯುವುದಿಲ್ಲವೆಂದು ಮೇಷ್ಟ್ರು ಎಲ್ಲರೆದುರೇ ಹೇಳುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಮಗ ಸತ್ತ ಸುದ್ದಿ ಕೇಳಿ ರಾಜ ಹಾಡುವ ಹಾಡೊಂದಿತ್ತು. ಅದಕ್ಕೆ ಬೀಳುವ ಶಿಳ್ಳೆ, ಒನ್ಸ್ ಮೋರ್ ಎಲ್ಲ ನನ್ನ ಪಾಲಿನವು. ಅದನ್ನು ಕೇಳಲೆಂದೇ ನನ್ನ ಹೆಂಡತಿ ತವರಿನವರು ಟೆಂಪೋ ಮಾಡಿಕೊಂಡು ಬರುತ್ತಿದ್ದರು.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಪ್ರಾಕ್ಟೀಸಿನ ನೆತ್ತಿಯ ಮೇಲೇ ವಿಮಾನಗಳು ಹಾಯತೊಡಗಿದವು. ಮೊದಮೊದಲು ನಾವು ಅವುಗಳ ಜೊತೆ ಪೈಪೋಟಿಗೆ ಬಿದ್ದು ಕಿರುಚಿದೆವು. ಮೇಷ್ಟ್ರಿಗೆ ಸರಿಬರಲಿಲ್ಲ. ವಿಮಾನದ ಸದ್ದು ಕೇಳಿದ ಕೂಡಲೇ ನುಡಿಸುವುದು ಬಿಟ್ಟು ಬಲಗೈ ಎತ್ತುತ್ತಿದ್ದರು. ಹಾಡುತ್ತಿದ್ದವರು, ಗದೆ ಎತ್ತಿದವರು, ಎಲ್ಲರೂ ಇದ್ದಂತೆಯೇ ನಿಲ್ಲಬೇಕು. ಸದ್ದು ಪೂರ್ತಿ ಕರಗಿದ ಮೇಲೆ ಕೈ ಇಳಿಸಿ ಶ್ರುತಿ ಕೊಡುವರು, ಆಗ ಶುರು.

"ಅವ್ನು ದೂರದೂರಿಗೆ ಹೋಗೋನು ಕಣ್ರಪ್ಪ, ಮೊದ್ಲು ಹೋಗ್ಲಿ" ಎನ್ನುವರು. ವರ್ಷ ಕಳೆಯುವುದರೊಳಗೆ ನಮಗೆಲ್ಲ ಅದು ಎಷ್ಟು ರೂಢಿಯಾಯಿತೆಂದರೆ, ಹೊಲದಲ್ಲಿ ಮಾತಾಡುವಾಗಲೂ ವಿಮಾನ ಬಂದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಒಂದು ಸಲ ಹಾರ್ಮೋನಿಯಂ ಕೆಟ್ಟಿತು. ಅದರೊಳಗಿನ ಸ್ವರದ ಹಲಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಷ್ಟ್ರು, ನಾನು ಬೆಂಗಳೂರಿಗೆ ಹೋದೆವು. ರಿಪೇರಿಯವನು ಸಂಜೆ ಏಳೂವರೆಗೆ ಬನ್ನಿ ಎಂದ. ಅಲ್ಲಿಯವರೆಗೆ ಹೊತ್ತು ಹೋಗಲೆಂದು ಒಂದು ನಾಟಕಕ್ಕೆ ಪಾಸು ಕೊಟ್ಟ. ಒಳಗೆ ಹೋಗಿ ನೋಡಿದರೆ ಸೀನರಿ ಇಲ್ಲ, ಕಿರೀಟ ಇಲ್ಲ, ಮೈಕೂ ಇಲ್ಲ. ಇದೆಂಥ ನಾಟಕ ಎಂದು ನಾನು ಆಕಳಿಸಿದೆ. ರಂಗದ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಯಾರೋ ಬಂದು, ನಿನ್ನ ಮಗ ಹೋಗಿಬಿಟ್ಟ ಎಂದರು. ಅವಳು ಅಳಲಿಲ್ಲ, ಹಾಡಲಿಲ್ಲ. ಅಕ್ಕಿ ಆರಿಸುತ್ತಲೇ ಇದ್ದಳು. ಕಲ್ಲು ಎತ್ತಿ ಪಕ್ಕಕ್ಕಿಡುವ ಸದ್ದು ಹಿಂದಿನ ಸಾಲಿನ ನಮಗೂ ಕೇಳಿಸಿತು. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನಗೆ ಯಾಕೋ ಭಯವಾಗಿ ಮೇಷ್ಟ್ರ ಕಡೆ ತಿರುಗಿದೆ. ಅವರ ಪಾದಗಳು ನಿಂತಿದ್ದವು.

ವಾಪಸು ಬರುವಾಗ, ಬಸ್ಸು ಯಲಹಂಕ ದಾಟಿದ ಮೇಲೆ, ಅವರು ಹೊಸ ಮದುಮಗನಂತೆ ಕಣ್ಣರಳಿಸಿಕೊಂಡು ಹೇಳಿದರು: "ನಾನು ಇಷ್ಟ್ ವರ್ಷ ಜನಗಳ ಬಾಯಲ್ಲಿ ಶಿಳ್ಳೆ ಹೊಡಿಸ್ದೆ. ಆವಮ್ಮ ಉಸ್ರೇ ನಿಲ್ಲಿಸ್ಬಿಟ್ಲಲ್ಲೋ. ಸಾಯೋದ್ರೊಳ್ಗೆ ಒಂದ್ಸಲ ನಮ್ಮೋರ್ನೂ ಅಂಗೆ ಕೂರಿಸ್ಬೇಕು ಕಣಪ್ಪ."

ಅಲ್ಲಿಂದ ಆ ಹೆಂಗಸು ಅವರನ್ನು ಬಿಡಲಿಲ್ಲ. ಟೀ ಕುಡಿಯುತ್ತಿದ್ದವರು ಲೋಟ ಹಿಡಿದೇ ಕಿವಿಗೊಟ್ಟು ಕೂರುವರು. ಏನು ಮೇಷ್ಟ್ರೇ ಎಂದರೆ, "ಇನ್ನೂ ಆರಿಸ್ತಾನೇ ಅವ್ಳೆ" ಎನ್ನುವರು. ಅವರಿಗೆ ತಲೆ ಕೆಟ್ಟಿದೆ ಎಂದವರೂ ಇದ್ದರು. ಕೊನೆಗೆ ನನ್ನ ಬುಡಕ್ಕೇ ಬಂತು. ಈ ವರ್ಷ ರಾಜ ಹಾಡುವುದು ಬೇಡ, ಸುದ್ದಿ ಕೇಳಿ ಸುಮ್ಮನೆ ನಿಲ್ಲಲಿ ಎಂದರು. ನನ್ನ ಹಾಡನ್ನು ನುಂಗಿಹಾಕಲು ಬೆಂಗಳೂರಿಗೆ ಹೋಗಬೇಕಿತ್ತೇ ಎಂದು ಜಗಳ ಆಡಿದೆ. ಅವರು ನನ್ನನ್ನೇ ನೋಡಿದರು. ಆ ನೋಟಕ್ಕೆ ಸೋತು ಒಪ್ಪಿದೆ.

ನಾಟಕದ ದಿನ ಸುದ್ದಿ ಕೇಳಿ ನಿಂತೆ. ಹಾರ್ಮೋನಿಯಂ ನಿಂತಿತು. ಎದುರಿಗೆ ಊರಿಗೆ ಊರೇ ಕೂತಿತ್ತು. ಒಂದೆರಡು ಗಳಿಗೆ ಕಳೆಯಿತೋ ಇಲ್ಲವೋ, ನಾನು ಹಾಡು ಮರೆತೆನೆಂದು ನಮ್ಮ ಮಾವ ಮುಂದೆ ಕೂತಲ್ಲಿಂದಲೇ ಅದರ ಮೊದಲ ಸಾಲು ಹೇಳಿಕೊಟ್ಟರು. ಸೌಂಡ್ ಸೆಟ್ಟಿನ ಹುಡುಗ ಮೈಕು ಹೋಯಿತೆಂದು ಓಡಿಬಂದ. ನನ್ನ ಬಾಯೆದುರಿನ ಮೈಕನ್ನು ತಟ್ಟಿ "ಹಲೋ, ಹಲೋ" ಎಂದ. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ತಲೆ ತಗ್ಗಿಸಿ ಶ್ರುತಿ ಕೊಟ್ಟರು. ನಾನು ಹಾಡಿದೆ. ಎಂದಿಗಿಂತ ಜೋರಾಗಿ ಶಿಳ್ಳೆ ಬಿತ್ತು.

ನಾನು ಬಣ್ಣ ಒರೆಸಿಕೊಳ್ಳುವಾಗ ಮೇಷ್ಟ್ರು ಪಕ್ಕ ಬಂದು ಕೂತರು. "ಯಾರ್ದೂ ತಪ್ಪಲ್ಲ ಬಿಡಪ್ಪ. ಸದ್ದು ನಿಂತ್ರೆ ಏನೋ ಕೆಟ್ಟೋಯ್ತು ಅನ್ಕೋತಾರೆ ನಮ್ ಜನ" ಎಂದರು. ಪಾದಗಳು ಮಾತ್ರ ತುಳಿಯುತ್ತಿದ್ದವು. ಮತ್ತೆ ಆ ವಿಚಾರ ಅವರು ಎತ್ತಲೇ ಇಲ್ಲ.

ಅವರು ತೀರಿಕೊಂಡಾಗ ಸುತ್ತಲಿನ ಊರುಗಳ ರಾಜರು, ಮಂತ್ರಿಗಳು, ರಾಕ್ಷಸರೆಲ್ಲ ಅವರ ಮನೆ ಮುಂದೆ ಸೇರಿದರು. ಅವರ ಮಗನೇ ಹಾರ್ಮೋನಿಯಂಗೆ ಕೂತ. ಅದೇ ಸೌಂಡ್ ಸೆಟ್ಟಿನ ಹುಡುಗ ಮೈಕು ಕಟ್ಟಿದ. ಅವರು ಕಲಿಸಿದ ಹಾಡುಗಳನ್ನು ಒಬ್ಬೊಬ್ಬರಾಗಿ ಹಾಡಿದೆವು. ನನ್ನ ಸರದಿ ಬಂತು, ಆ ಹಾಡನ್ನೇ ಎತ್ತಿಕೊಂಡೆ. ಮೊದಲ ಸಾಲು ಮುಗಿದಿರಲಿಲ್ಲ, ದೇವನಹಳ್ಳಿ ಕಡೆಯಿಂದ ವಿಮಾನ ಬಂತು.

ನಾನು ನಿಲ್ಲಿಸಿದೆ. ಮಗನ ಕೈಯೂ ನಿಂತಿತು. ತಾಳದವನು ತಾಳ ಎತ್ತಿಕೊಂಡೇ ನಿಂತ. ವಿಮಾನ ನಮ್ಮ ಮೇಲೆ ಹಾದು ಪಡುವಣಕ್ಕೆ ಹೋಯಿತು, ಸದ್ದು ಸಣ್ಣದಾಯಿತು, ಪೂರ್ತಿ ಕರಗಿತು. ಎಲ್ಲರೂ ಜಗಲಿ ಮೇಲೆ ಮಲಗಿಸಿದ್ದ ಮೇಷ್ಟ್ರ ಕಡೆ ನೋಡಿದೆವು. ಕೈ ಇಳಿಸಬೇಕಾದವರು ಅವರು. ಯಾರೂ ಹಾಡಲಿಲ್ಲ, ಯಾರೂ ಕೆಮ್ಮಲಿಲ್ಲ. ಅಳುತ್ತಿದ್ದ ಹೆಂಗಸರೂ ತಡೆದುಕೊಂಡರು. ಸೌಂಡ್ ಸೆಟ್ಟಿನ ಹುಡುಗ ಮೈಕಿನ ಪಕ್ಕದಲ್ಲೇ ಇದ್ದ, ಕೈ ಚಾಚಲಿಲ್ಲ. ಮೇಷ್ಟ್ರ ಕಾಲಿನ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು. ನಾನು ಆ ಪಾದಗಳನ್ನೇ ನೋಡುತ್ತ ನಿಂತಿದ್ದೆ.

ಇವತ್ತಿಗೂ ಡೇರಿಯಲ್ಲಿ ಹಾಲು ಅಳೆಯುವಾಗ ಮೇಲೆ ವಿಮಾನ ಹೋದರೆ ನನ್ನ ಮಾತು ನಿಲ್ಲುತ್ತದೆ. ಕ್ಯಾನು ಹಿಡಿದ ಹೆಂಗಸರು ನಗುತ್ತಾರೆ. ಸದ್ದು ಹೋದ ಮೇಲೂ ನಾನು ಇನ್ನಷ್ಟು ಹೊತ್ತು ಕಾಯುತ್ತೇನೆ, ಮೇಷ್ಟ್ರು ಇನ್ನೂ ಕೈ ಇಳಿಸಿಲ್ಲ.