ಗೂಟಕ್ಕೆ ನೀರು

ಹತ್ತಿ ಖರೀದಿಯ ಮಾತಿಗೆಂದು ದಾವಣಗೆರೆಯಿಂದ ಹರಿಹರದ ಆ ಮನೆಗೆ ಹೋದರೆ, ನನ್ನನ್ನು ಕೇಳುವವರೇ ಇಲ್ಲ. ಮನೆಯವರೆಲ್ಲ ಒಂದು ಹಿತ್ತಾಳೆ ಬೋಗುಣಿಯ ಸುತ್ತ ತಲೆ ಬಗ್ಗಿಸಿ ಕೂತಿದ್ದರು. ಯಜಮಾನರ ಹೆಂಡತಿ ಗೌರಮ್ಮ ಕೈಯಾರೆ ಮಾಡಿದ ರೇಡಿಯೊವಂತೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಒಂದು ಚೂರು ಹರಳು, ಅಷ್ಟೇ. ಕಿವಿಗಿಡುವ ಹೆಡ್‌ಫೋನನ್ನು ಎಲ್ಲರಿಗೂ ಕೇಳಲೆಂದು ಬೋಗುಣಿಯೊಳಗೆ ಇಟ್ಟಿದ್ದರು. ಅವತ್ತು ಧಾರವಾಡ ಕೇಂದ್ರದಿಂದ ಅವರ ಮಗಳ ಮೊದಲ ಹಾಡು.

ಪಲ್ಲವಿ ಮುಗಿಯುವಷ್ಟರಲ್ಲಿ ದನಿ ಕುಗ್ಗಿತು. ಗೌರಮ್ಮ ಕೊಡ ಎತ್ತಿಕೊಂಡು ಹಿತ್ತಲಿಗೆ ಓಡಿದರು. ನಾನೂ ಹಿಂದೆ ಓಡಿದೆ. ನೆಲಕ್ಕೆ ಹೊಡೆದ ಕಬ್ಬಿಣದ ಗೂಟದ ಬುಡಕ್ಕೆ ನೀರು ಸುರಿಯುತ್ತಿದ್ದರು. ಮಗಳಿಗಾಗಿ ಹೊತ್ತ ಹರಕೆಯಿರಬೇಕೆಂದು ಕೈ ಮುಗಿದು ನಿಂತೆ.

"ಕೈ ಮುಗೀಬ್ಯಾಡ್ರಿ, ಇನ್ನೊಂದು ಕೊಡ ತರ್ರಿ! ರೇಡಿಯೊದ ತಂತಿ ಈ ಗೂಟಕ್ಕೆ ಕಟ್ಟೈತೆ. ನೆಲ ಒಣಗಿದ್ರೆ ದನಿ ಬರಲ್ಲ."

ತಂದು ಸುರಿದೆ. ಒಳಗಿನಿಂದ ಯಜಮಾನರು, "ಬಂತು, ಬಂತು!" ಎಂದು ಕೂಗಿದರು.

ಹಾಡು ಮುಗಿದ ಮೇಲೆ ಎಲ್ಲರೂ ಮಗಳ ಕಂಠವನ್ನು ಹೊಗಳಿದರು. ನಾನು ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಗೂಟಕ್ಕೆ ಮತ್ತೆ ಕೈ ಮುಗಿದೆ. ಈ ಸಲ ಗೌರಮ್ಮ ಬ್ಯಾಡ ಅನ್ನಲಿಲ್ಲ.