ಚಂದ್ರಿಕೆಗಳ ನಡುವೆ ಕಂಪ್ರೆಸರ್

ಆ ಕಂಪ್ರೆಸರ್ ನಮ್ಮ ಮನೆಗೆ ಬಂದದ್ದು ಅಕ್ಕನ ಮದುವೆ ಗೊತ್ತಾದ ಮೇಲೋ ಅದಕ್ಕೂ ಮೊದಲೋ, ಈಗ ಖಚಿತವಾಗಿ ಹೇಳಲಾರೆ. ಗೊತ್ತಾದ ಮೇಲೆ ಎಂದುಕೊಂಡರೆ, ಅವಳ ದನಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದೇ ನಾನು ಅಷ್ಟೆಲ್ಲ ಪಾಡುಪಟ್ಟೆ ಎಂದಾಗುತ್ತದೆ. ಮೊದಲೇ ಬಂದಿದ್ದರೆ ಅದು ಬರೀ ಮಿಷನ್ನಿನ ಹುಚ್ಚು. ಮೊದಲನೆಯದನ್ನು ನಂಬುವುದು ನನಗೆ ಇಷ್ಟ. ಇಷ್ಟ ಎಂಬ ಕಾರಣಕ್ಕೇ ಅದರ ಮೇಲೆ ಅನುಮಾನ. ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದಿದ್ದರಿಂದ ಅಂಟಿದ ಚಟವಿದು. ಓದಿದ್ದು ಬಹುಪಾಲು ಮರೆತಿದೆ, ಚಟ ಹೋಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು ಎಂಬುದು ಮಾತ್ರ ನಿಜ. ಮೇಲೂರಿನ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಸಾಕುತ್ತಿದ್ದೆವು. ಹುಳುಮನೆಗೆ ಹೊಂದಿಕೊಂಡಂತೆ ಮುಂದೊಂದು ಕೋಣೆ. ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಚಂದ್ರಿಕೆಗಳು, ಅಂದರೆ ಬಿದಿರು ಸೀಳಿನ ಸುರುಳಿ ಹೆಣೆದ ದೊಡ್ಡ ತಟ್ಟಿಗಳು, ಉಳಿದ ದಿನಗಳಲ್ಲಿ ಆ ಕೋಣೆಯ ಗೋಡೆಗಳಿಗೆ ಒರಗಿರುತ್ತಿದ್ದವು. ಹಳೆಯ ಬೆಳೆಗಳ ರೇಷ್ಮೆಯ ಎಳೆ ಅವುಗಳ ತುಂಬ ಅಂಟಿಕೊಂಡಿರುತ್ತಿತ್ತು. ಅವುಗಳ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ನಮಗೆ ಎಲ್ಲಿ ಸಿಗಬೇಕು?

ನಾವು ಎಂದರೆ ನಾನು ಮತ್ತು ಶಿಡ್ಲಘಟ್ಟದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ನನ್ನ ಹೈಸ್ಕೂಲಿನ ಗೆಳೆಯ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಮೂರರಲ್ಲೂ ಅವನ ದನಿ ಹಾರ್ನಿನಂತೆಯೇ. ಬೆಂಗಳೂರಿನ ಯಾವುದೋ ಸ್ಟುಡಿಯೋದವರು ಹಳೆ ಸಾಮಾನು ಮಾರುವಾಗ ದನಿಯ ಏರಿಳಿತವನ್ನು ಒಂದೇ ಮಟ್ಟಕ್ಕೆ ತರುವ ಈ ಕಂಪ್ರೆಸರ್ ಪೆಟ್ಟಿಗೆಯನ್ನು ತಂದವನು ಅವನೇ. ಬಾಳೆಹಣ್ಣಿನ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ.

"ಏನಪ್ಪಾ ಅದು, ವೋಲ್ಟೇಜ್ ಏರಿಸೋದಾ?" ಎಂದಳು ಅಮ್ಮ.

"ಇಲ್ಲಮ್ಮಾ, ಗಲಾಟೆ ಮಾಡೋರನ್ನ ಕೂರಿಸ್ತದೆ, ಬಾಯಿಲ್ದೋರನ್ನ ಎಬ್ಬಿಸ್ತದೆ."

"ಹಂಗಾದ್ರೆ ಮೊದ್ಲು ನಿನ್ನ ಬಾಯಿಗೆ ಹಾಕ್ಕೋ. ಹುಳ ನಾಲ್ಕನೇ ಜ್ವರ ಎದ್ದವೆ, ಕಾಲು ತೊಳ್ಕೊಂಡು ಒಳಗ್ ಬಾ."

ಜ್ವರವೆಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ಮುಗಿದರೆ ಹಗಲೂ ರಾತ್ರಿ ತಿನ್ನುತ್ತವೆ, ಆಮೇಲೆ ಹಣ್ಣಾಗುತ್ತವೆ. ಹಣ್ಣಾದ ದಿನ ಚಂದ್ರಿಕೆಗಳೆಲ್ಲ ಒಳಗೆ ಹೋಗುತ್ತವೆ, ನಮ್ಮ ಸ್ಟುಡಿಯೋದ ಗೋಡೆಗಳೇ ಎದ್ದುಹೋದ ಹಾಗೆ. ಅದೇ ಬೆಳೆಯೋ ಅದರ ಮುಂದಿನದೋ, ನಾವು ರೆಕಾರ್ಡಿಂಗಿಗೆ ಕೂತ ಬೆಳೆಯ ಗೂಡು ಮಾರಿದ ಮೇಲೆ ಅಕ್ಕನ ಮದುವೆ. ಅಷ್ಟರೊಳಗೆ ಅವಳ ಒಂದು ಹಾಡು ನನಗೆ ಬೇಕಿತ್ತು.

ಅಜ್ಜಿಯಿಂದ ಬಂದ ಹಾಡು ಅದು. ತವರು ಬಿಟ್ಟು ಹೊರಟ ಹೆಣ್ಣು ಹಿತ್ತಲ ಗಿಡಕ್ಕೆ, ಕರುವಿಗೆ, ಬಾವಿಕಟ್ಟೆಗೆ ಒಂದೊಂದು ಸಾಲಿನಲ್ಲಿ ಹೇಳಿಹೋಗುತ್ತಾಳೆ. ಕೊನೆಯ ಸಾಲು ತಮ್ಮನಿಗೆ. ಅಕ್ಕ ಇದನ್ನು ಕೂತು ಹಾಡಿದ್ದು ನಾನು ಕಂಡಿಲ್ಲ. ಹುಳುಗಳಿಗೆ ಸೊಪ್ಪು ಹರಡುತ್ತ, ತಟ್ಟೆಯಿಂದ ತಟ್ಟೆಗೆ ಸಾಗುತ್ತ ಹಾಡುತ್ತಿದ್ದಳು. ದನಿ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ತಮ್ಮನ ಸಾಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗಾಗುತ್ತಿತ್ತು. ಆ ಹೊತ್ತಿಗೆ ಅವಳು ಹುಳುಮನೆಯ ಆ ಕೊನೆ ತಲುಪಿರುತ್ತಾಳೆ ಎಂದು ನಾನು ತಿಳಿದಿದ್ದೆ.

ಮೊದಲ ಸಲ ಕಂಪ್ರೆಸರ್ ಇಲ್ಲದೆ ನೇರ ಕ್ಯಾಸೆಟ್ಟಿಗೇ ಹಾಕಿದೆವು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೈಕಿನ ಮುಂದೆ ನಿಂತಳು. ಬಾವಿಕಟ್ಟೆಯವರೆಗೆ ಚೆನ್ನಾಗಿತ್ತು. ತಮ್ಮನ ಸಾಲು ಟೇಪಿನ ಹಿಸ್ಸೆನ್ನುವ ಸದ್ದಿನೊಳಗೆ ಮುಳುಗಿಹೋಯಿತು.

"ಅಕ್ಕಾ, ಮುಖ ಆ ಕಡೆ ತಿರುಗಿಸ್ಬೇಡಿ. ಅಮ್ಮ ಕರೆದ್ರಾ ಅಂತ ನೋಡ್ತೀರಾ, ವಾಯ್ಸ್ ಎಲ್ಲ ಆಕಡೀಕೇ ಹೋಗ್ತೈತೆ" ಎಂದ ಗೆಳೆಯ.

"ನಾನೆಲ್ಲಪ್ಪಾ ತಿರುಗ್ದೆ?"

ತಿರುಗಿದ್ದಳೇ? ನಾನು ಟೇಪ್ ಡೆಕ್ಕಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳನ್ನು ನೋಡುತ್ತಿದ್ದೆ, ಅವಳನ್ನಲ್ಲ.

ಆಮೇಲೆ ಕಂಪ್ರೆಸರ್ ಕೂರಿಸಿದೆವು. ಮಿಕ್ಸರಿನಿಂದ ಬಂದ ವೈರು ಇದಕ್ಕೆ, ಇದರಿಂದ ಹೊರಟದ್ದು ಡೆಕ್ಕಿಗೆ. ಅಕ್ಕ ಬಾಯಿ ತೆರೆದ ಕೂಡಲೇ ಅದರ ಮುಳ್ಳು ಬಲದಿಂದ ಎಡಕ್ಕೆ ಬಿತ್ತು.

"ಅರೇ, ಉಲ್ಟಾ ಹೊಡೀತೈತೆ!" ಎಂದು ಗೆಳೆಯ ವೈರುಗಳನ್ನು ಅದಲುಬದಲು ಮಾಡಿದ. ಸದ್ದೇ ನಿಂತಿತು. ಮತ್ತೆ ಮೊದಲಿನಂತೆ ಹಾಕಿ ಇಬ್ಬರೂ ತಲೆ ಕೆರೆದುಕೊಂಡೆವು. ಆ ಮುಳ್ಳು ತೋರಿಸುವುದು ದನಿಯನ್ನಲ್ಲ, ದನಿಯಲ್ಲಿ ಎಷ್ಟನ್ನು ಕಿತ್ತುಕೊಂಡಿತು ಎಂಬುದನ್ನು. ಇದು ಹೊಳೆಯುವಷ್ಟರಲ್ಲಿ ಅಕ್ಕ ಒಂದು ಸುತ್ತು ಸೊಪ್ಪು ಹಾಕಿ ಬಂದಿದ್ದಳು.

ಕಂಪ್ರೆಸರಿನ ನಾಬುಗಳನ್ನು ಗೆಳೆಯ ಮದುವೆಮನೆಯ ಅಭ್ಯಾಸದಲ್ಲೇ ತಿರುಗಿಸಿದ. ಪುರೋಹಿತರು ಗೊಣಗಿದರೂ ಊರಾಚೆಯ ಮಾವಿನ ತೋಪಿಗೆ ಕೇಳಿಸಬೇಕು, ಇಲ್ಲದಿದ್ದರೆ ಬಾಡಿಗೆ ಕೊಟ್ಟವರು ಸುಮ್ಮನಿರುವುದಿಲ್ಲ; ಅದು ಅವನ ವೃತ್ತಿಧರ್ಮ. ದನಿ ಸ್ವಲ್ಪ ಏರಿದರೆ ಸಾಕು ಹಿಡಿ, ಹಿಡಿದದ್ದನ್ನು ಪೂರ್ತಿ ಒತ್ತು, ಒತ್ತಿದ ಮೇಲೆ ಎಲ್ಲವನ್ನೂ ಸೇರಿಸಿ ಎತ್ತು. ನಾನೂ ತಡೆಯಲಿಲ್ಲ. ನನಗೆ ಬೇಕಾದದ್ದು ಕೊನೆಯ ಸಾಲು, ಅದು ಕೇಳಿಸಿದರಾಯಿತು.

ಕೇಳಿಸಿತು. ಗಿಡ, ಕರು, ಬಾವಿಕಟ್ಟೆ, ತಮ್ಮ, ಎಲ್ಲವೂ ಒಂದೇ ಎತ್ತರದಲ್ಲಿ. ಸಾಲು ಮುಗಿದು ಅವಳು ಉಸಿರು ತೆಗೆದುಕೊಳ್ಳುವಾಗ ಕಂಪ್ರೆಸರ್ ಹಿಡಿತ ಬಿಡುತ್ತಿತ್ತು, ಆ ಸಂದಿಯಲ್ಲಿ ಹುಳುಮನೆಯ ಸದ್ದು ಎದ್ದುಬರುತ್ತಿತ್ತು: ಒಣಗಿದ ಎಲೆಯ ಮೇಲೆ ಯಾರೋ ನಿಧಾನಕ್ಕೆ ಮರಳು ಸುರಿದ ಹಾಗೆ, ಹುಳುಗಳು ಸೊಪ್ಪು ತಿನ್ನುವ ಸದ್ದು. ಅವಳು ಹಾಡತೊಡಗಿದರೆ ಅದು ಅಡಗುತ್ತಿತ್ತು.

"ಹೆಂಗೆ? ಒಂದಕ್ಷರ ಬಿಟ್ಟಿದ್ರೆ ಕೇಳಿ!" ಗೆಳೆಯ ನಗುತ್ತಿದ್ದ.

ಅಕ್ಕ ಪೂರ್ತಿ ಕೇಳಿದಳು. "ಚೆನ್ನಾಗೈತೆ. ಆದ್ರೆ ಇವ್ಳು ಯಾರೋ ರೇಡಿಯೋದವ್ಳು ಕಣೋ, ನಾನಲ್ಲ."

"ನಾಳೆ ಸ್ವಲ್ಪ ಕಮ್ಮಿ ಮಾಡಿ ಇನ್ನೊಂದ್ಸಲ ಹಾಡಣ" ಎಂದೆ.

"ನಾಳೆವರ್ಗೂ ಹುಳ ಕಾಯ್ಬೇಕಲ್ಲಪ್ಪಾ."

ಮರುದಿನ ಬೆಳಿಗ್ಗೆ ಹುಳುಗಳು ಹಳದಿ ತಿರುಗಿ ತಲೆ ಎತ್ತಿದ್ದವು. ಮನೆಮಂದಿಯೆಲ್ಲ ಹಣ್ಣುಹುಳು ಆರಿಸಲು ಕೂತರು, ಚಂದ್ರಿಕೆಗಳು ಒಂದೊಂದಾಗಿ ಹೊರಟವು. ಆಮೇಲೆ ಗೂಡು ಬಿಡಿಸುವುದು, ಮಾರುಕಟ್ಟೆ, ಚಪ್ಪರ, ಮದುವೆ. ಗೆಳೆಯನ ಮೈಕ್‌ಸೆಟ್ಟೇ ಇತ್ತು. ಅಕ್ಕ ಗೌರಿಬಿದನೂರಿಗೆ ಹೋದಳು. ಭಾವನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ.

ಕ್ಯಾಸೆಟ್ಟನ್ನು ಎಷ್ಟೋ ಸಂಜೆ ಹಾಕಿಕೊಂಡು ಕೂತಿದ್ದೇನೆ. ಕೇಳುತ್ತ ಕೇಳುತ್ತ ಅವಳು ಇನ್ನಷ್ಟು ದೂರವಾಗುತ್ತಿದ್ದಳು. ಸೊಪ್ಪಿನ ಬುಟ್ಟಿ ಹೊತ್ತು ನನ್ನ ಪಕ್ಕದಿಂದ ಹಾದುಹೋಗುತ್ತಿದ್ದವಳು ಅದರಲ್ಲಿಲ್ಲ. ಎಲ್ಲ ಸಾಲುಗಳಲ್ಲೂ ಅಷ್ಟೇ ದೂರದಲ್ಲಿ ನಿಂತ ಒಬ್ಬ ಹೆಂಗಸು. ಕಂಪ್ರೆಸರ್ ನಮ್ಮ ಹುಳುಮನೆಯ ಉದ್ದವನ್ನೇ ತಿಂದುಹಾಕಿತು ಎಂದು ಗೆಳೆಯನಿಗೆ ಹೇಳಿದೆ. "ಇಷ್ಟು ಓದ್ಬಾರ್ದಪ್ಪಾ ನೀನು" ಎಂದ. ನನಗೆ ಮಾತ್ರ ಆ ವಿವರಣೆ ಬಹಳ ಹಿಡಿಸಿತ್ತು. ಅಕ್ಕ ನಡೆಯುತ್ತಿದ್ದಳು, ಆದ್ದರಿಂದ ದನಿ ಸಣ್ಣಗಾಗುತ್ತಿತ್ತು. ಮೈಕಿನ ಮುಂದೆ ಮುಖ ತಿರುಗಿಸಿದಳು, ಆದ್ದರಿಂದ ಸಣ್ಣಗಾಯಿತು. ಎಲ್ಲದಕ್ಕೂ ಲೆಕ್ಕ ಸಿಕ್ಕಿತ್ತು.

ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಗೌರಿಬಿದನೂರಿಗೆ ಹೋಗಿದ್ದೆ. ನಾನು ಹಜಾರದಲ್ಲಿ ಪೇಪರ್ ಓದುತ್ತಿದ್ದೆ, ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಅದೇ ಹಾಡು ತೆಗೆದಳು. ಗಿಡ, ಕರು, ಬಾವಿಕಟ್ಟೆ. ತಮ್ಮನ ಸಾಲಿಗೆ ದನಿ ಕೇಳಿಯೂ ಕೇಳದಷ್ಟಾಯಿತು. ಹಿತ್ತಲಿಗೆ ಹೋದಳೆಂದು ಎದ್ದು ಬಾಗಿಲಿಗೆ ಬಂದೆ.

ಒಲೆಯ ಮುಂದೆಯೇ ಇದ್ದಳು.

"ಏನೋ? ಹಸಿವಾ?" ಎಂದಳು.

"ಅವತ್ತು ಮೈಕ್ ಮುಂದೆ ಮುಖ ತಿರುಗಿಸಿದ್ಯಾ?"

"ಯಾವತ್ತು? ಅಯ್ಯೋ, ಯಾರಿಗ್ ಜ್ಞಾಪಕ. ತಟ್ಟೆ ತಗೋ."

ಅಜ್ಜಿಯೂ ಆ ಸಾಲನ್ನು ಹೀಗೆಯೇ ಹಾಡುತ್ತಿದ್ದಳೇ ಎಂದು ಕೇಳಿದೆ. ಅದೂ ಗೊತ್ತಿಲ್ಲ ಎಂದಳು. ಒಮ್ಮೆ ಕಂಡದ್ದನ್ನು ಒಪ್ಪುವವನಲ್ಲ ನಾನು. ಮುಂದಿನ ಸಲ ಹೋದಾಗ ಅವಳು ಹಾಡತೊಡಗುವವರೆಗೆ ಕಾದು, ಬಾಗಿಲ ಬಳಿ ನಿಂತು ಮೊದಲಿಂದ ಕೊನೆಯವರೆಗೆ ಅವಳನ್ನೇ ನೋಡಿದೆ. ಕಂಪ್ರೆಸರ್ ಯಾವಾಗ ಬಂತು ಎಂಬುದು ಇಂದಿಗೂ ಬಗೆಹರಿದಿಲ್ಲ. ಇದು ಬಗೆಹರಿದಿದೆ: ತಮ್ಮನ ಸಾಲು ಬಂದಾಗ ಅಕ್ಕ ಎಲ್ಲಿಗೂ ಹೋಗುವುದಿಲ್ಲ, ಮುಖವನ್ನೂ ತಿರುಗಿಸುವುದಿಲ್ಲ, ನಿಂತಲ್ಲೇ ನಿಂತು ದನಿ ತಗ್ಗಿಸುತ್ತಾಳೆ.